ಮಗಳ ಮೊದಲ ಕಾರ್ ಇನ್ಶೂರೆನ್ಸ್, ನಮ್ಮೂರಿನ ಮನೆ ಹೆಸರು

ಎಲ್ಲರಿಗೂ ನಮಸ್ಕಾರ. ಮೊನ್ನೆ ಬ್ರಿಟನ್ನಿನಲ್ಲಿರುವ ನಮ್ಮ ಕಾಸರಗೋಡಿನವರ ಈ ಗುಂಪಿಗೆ ಹೊಸದಾಗಿ ಸೇರಿದ ಮುಳ್ಳೇರಿಯದವರೊಬ್ಬರು ಕೇಳಿದ್ದರು: "ಅಕ್ಕಾ, ಕಾರಿನ ಇನ್ಶೂರೆನ್ಸಿಗೆ ದುಡ್ಡು ಕಟ್ಟಿ ಆಯಿತು. ಈಗ ಲೈಸೆನ್ಸಿನ ಫೋಟೋ, ಪಾಸ್‌ಪೋರ್ಟು, ಮನೆ ವಿಳಾಸ ಇರುವ ಬಿಲ್ಲು ಎಲ್ಲ ಕಳಿಸಿ ಅಂತಿದ್ದಾರೆ. ಏಳು ದಿನ ಟೈಮ್ ಕೊಟ್ಟಿದ್ದಾರೆ. ಇದು ಮೋಸ ಇರಬಹುದಾ?" ಅದಕ್ಕೆ ನಾಲ್ಕೈದು ಜನ "ಕೊಡಬೇಡಿ" ಅಂತ ಉತ್ತರ ಬರೆದರು. ಒಳ್ಳೆ ಮನಸ್ಸಿನಿಂದಲೇ ಬರೆದಿದ್ದಾರೆ, ಆದರೆ ಆ ಮಾತು ಕೇಳಿ ಸುಮ್ಮನೆ ಕೂತರೆ ಅವರ ಪಾಲಿಸಿಯೇ ರದ್ದಾಗಬಹುದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಬದಿಯಡ್ಕ ಹತ್ತಿರದ ನೀರ್ಚಾಲಿನವಳು. ಇಂಗ್ಲೆಂಡಿಗೆ ಬಂದು 18 ವರ್ಷವಾಯಿತು. ಈ ಮಾರ್ಚಿನಲ್ಲಿ ಮಗಳಿಗೆ 17 ತುಂಬಿತು, ಕಾರು ಕಲಿಯಲು ಶುರು ಮಾಡಿದ್ದಾಳೆ. ಒಂದು ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದಲ್ಲಿ ತನ್ನ ಹಸಿರು ಪ್ರೊವಿಷನಲ್ (ಕಲಿಯುವವರ) ಲೈಸೆನ್ಸ್ ಇಟ್ಟುಕೊಂಡು ಇನ್ಶೂರೆನ್ಸ್ ಫಾರಂ ತುಂಬುತ್ತಿದ್ದಳು. ಎಲ್ಲ ಮುಗಿದ ಮೇಲೆ ಲೈಸೆನ್ಸಿನ ಫೋಟೋ ಕೇಳಿತು. "ಅಮ್ಮಾ, ಇಷ್ಟು ಹೊತ್ತು ನಾನು ಬರೆದದ್ದನ್ನು ಇವರು ನಂಬಲ್ವಾ?" ಅಂದಳು.

ನಂಬಿದ್ದಾರೆ. ನಂಬಿಯೇ ಬೆಲೆ ಹೇಳಿದ್ದಾರೆ. ಇಲ್ಲಿ ಪ್ರೀಮಿಯಂ ನಿಂತಿರುವುದು ಪೂರ್ತಿ ನಾವು ಹೇಳಿದ ಮಾತಿನ ಮೇಲೆ. ವಯಸ್ಸೆಷ್ಟು, ಲೈಸೆನ್ಸ್ ಸಿಕ್ಕಿ ಎಷ್ಟು ವರ್ಷ, ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ, ಹಿಂದೆ ಕ್ಲೇಮ್ ಆಗಿದೆಯಾ, ಲೈಸೆನ್ಸಿನ ಮೇಲೆ ಪಾಯಿಂಟ್ಸ್ (ತಪ್ಪು ಮಾಡಿದ್ದಕ್ಕೆ ಬೀಳುವ ದಂಡದ ಅಂಕ) ಇದೆಯಾ. ಇದರಲ್ಲಿ ಒಂದು ಬದಲಾದರೂ ಬೆಲೆ ಬದಲಾಗುತ್ತದೆ. ಹಾಗಾಗಿ ಕಾಗದ ನೋಡಿ ತಾಳೆ ಹಾಕುತ್ತಾರೆ. ನಮ್ಮೂರಿನ ಸೊಸೈಟಿಯ ಕಾರ್ಯದರ್ಶಿಗೆ ನನ್ನ ಅಪ್ಪ ಚಿಕ್ಕಂದಿನಿಂದ ಗೊತ್ತು. ಆದರೂ ಸಾಲ ಕೊಡುವಾಗ ಜಾಗದ ತೆರಿಗೆ ರಶೀದಿ ಕೇಳಿಯೇ ಕೇಳುತ್ತಾರೆ. ಅಪ್ಪ ಅದಕ್ಕೆ ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ.

ಬ್ರಿಟನ್ನಿನಲ್ಲಿ ಇದಕ್ಕೆ 2012ರ ಒಂದು ಕಾನೂನಿದೆ, 2013ರ ಏಪ್ರಿಲಿನಿಂದ ಜಾರಿಯಲ್ಲಿದೆ. ಕೇಳಿದ್ದಕ್ಕೆ ತಪ್ಪು ಉತ್ತರ ಕೊಡದಂತೆ ಎಚ್ಚರ ವಹಿಸುವುದು ಗಿರಾಕಿಯ ಕೆಲಸ ಅಂತ ಅದು ಹೇಳುತ್ತದೆ. ಬೇಕೆಂದೇ ಸುಳ್ಳು ಹೇಳಿದ್ದರೆ ಕಂಪನಿ ಕ್ಲೇಮನ್ನು ಪೂರ್ತಿ ತಿರಸ್ಕರಿಸಬಹುದು. ಅಜಾಗ್ರತೆಯಿಂದ ತಪ್ಪಾಗಿದ್ದರೆ ಲೆಕ್ಕ ಬೇರೆ. ಸರಿಯಾದ ವಿವರ ಕೊಟ್ಟಿದ್ದರೆ 800 ಪೌಂಡ್ ಆಗುತ್ತಿತ್ತು, ನೀವು ಕಟ್ಟಿದ್ದು 600 ಅಂತಿಟ್ಟುಕೊಳ್ಳಿ. ಆಗ 4,000 ಪೌಂಡ್ ಕ್ಲೇಮಿಗೆ 3,000 ಮಾತ್ರ ಕೊಡಬಹುದು. ಈಗ ಕಾಗದ ಕೇಳಿ ತಪ್ಪು ತೋರಿಸಿದರೆ ನಮಗೇ ಒಳ್ಳೆಯದು, ಅಲ್ವಾ? ಆಕ್ಸಿಡೆಂಟ್ ಆದ ಮೇಲೆ ಗೊತ್ತಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಇನ್ನು ನಮ್ಮ ಕಾಸರಗೋಡಿನವರ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಬೇಕು ಅಂತಲೇ ಬರೆಯಲು ಕೂತದ್ದು.

ನಮ್ಮ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟ್ರು ಕನ್ನಡದಲ್ಲಿ ಬರೆದರು. ರೇಷನ್ ಕಾರ್ಡಿಗೆ ಅದು ಮಲಯಾಳಕ್ಕೆ ಹೋಯಿತು. ಅಲ್ಲಿಂದ ಇಂಗ್ಲಿಷಿಗೆ ಬಂತು. ನಮ್ಮ ಅಪ್ಪನ ಹೆಸರಿನ ಕೊನೆಗೆ ರೇಷನ್ ಕಾರ್ಡಿನಲ್ಲಿ ಒಂದು 'ನ್' ಸೇರಿಕೊಂಡಿದೆ, ಇವತ್ತಿಗೂ ಹೋಗಿಲ್ಲ. ಊರಿನ ಹೆಸರಿಗೂ ಅದೇ ಗತಿ, ಮಂಜೇಶ್ವರ ಒಂದು ಕಡೆ ಮಂಜೇಶ್ವರಂ ಆಗಿರುತ್ತದೆ. ಮತ್ತೆ ನಮ್ಮ ಇನಿಶಿಯಲ್! ಮನೆ ಹೆಸರಿನ ಒಂದು ಅಕ್ಷರ ಹೆಸರಿನ ಹಿಂದೆ. ಊರಿನಲ್ಲಿ ಅಷ್ಟು ಸಾಕು. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಯಬೇಕು, ಸರ್‌ನೇಮ್ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲಿಯ ಲೈಸೆನ್ಸ್ ನಂಬರನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. 16 ಅಕ್ಷರ. ಮೊದಲ ಐದು ನಿಮ್ಮ ಸರ್‌ನೇಮಿನವು. ಸರ್‌ನೇಮ್ ಚಿಕ್ಕದಾದರೆ ಉಳಿದ ಜಾಗಕ್ಕೆ 9 ಹಾಕುತ್ತಾರೆ. ರೈ ಆದರೆ ಆರ್-ಎ-ಐ ಆದಮೇಲೆ ಎರಡು 9. ಭಟ್ ಆದರೆ ಒಂದು 9. ಶೆಟ್ಟಿಯಲ್ಲಿ ಕೊನೆಯ 'ವೈ' ಬಿಟ್ಟುಹೋಗುತ್ತದೆ. ಆಮೇಲೆ ಹುಟ್ಟಿದ ದಿನ ಬರುತ್ತದೆ. ಹೆಣ್ಣುಮಕ್ಕಳಾದರೆ ತಿಂಗಳಿನ ಮೊದಲ ಅಂಕಿಗೆ 5 ಕೂಡಿಸುತ್ತಾರೆ, ನನ್ನ ಮಗಳದ್ದು ಮಾರ್ಚ್, ಅವಳ ಕಾರ್ಡಿನಲ್ಲಿ 03ರ ಬದಲು 53 ಅಂತಿದೆ. (ಹೆಣ್ಣು ಗಂಡು ನೋಡಿ ಇಲ್ಲಿ ಪ್ರೀಮಿಯಂ ಹಾಕುವ ಹಾಗಿಲ್ಲ, 2012ರ ಡಿಸೆಂಬರ್ 21ರಿಂದ ಅದು ನಿಂತಿದೆ.) ಅಂದರೆ ಹೆಸರು, ಹುಟ್ಟಿದ ದಿನ ಎರಡೂ ಆ ನಂಬರಿನೊಳಗೇ ಇದೆ. ಫಾರಂನಲ್ಲಿ ಬೇರೆ ಹೆಸರು ಬರೆದರೆ ತಾಳೆ ಬೀಳುವುದೇ ಇಲ್ಲ.

ನನಗೆ ಆದದ್ದು ಅದೇ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು. ಲೈಸೆನ್ಸಿನಲ್ಲಿ ತವರಿನ ಮನೆ ಹೆಸರು ಸರ್‌ನೇಮ್ ಆಗಿ ಬಂತು. ಇನ್ಶೂರೆನ್ಸ್ ಮಾಡಿಸುವಾಗ ನಾನು ಅಭ್ಯಾಸದಂತೆ ಯಜಮಾನರ ಸರ್‌ನೇಮ್ ಬರೆದೆ. ಕಂಪನಿ ಏಳು ದಿನದೊಳಗೆ ಗುರುತಿನ ಕಾಗದ ಕಳಿಸಿ ಅಂತ ಇಮೇಲ್ ಮಾಡಿತ್ತು, ಅದು ಸ್ಪ್ಯಾಮಿಗೆ ಹೋಗಿ ಕೂತಿತ್ತು. ಆರನೆಯ ದಿನ ಕಣ್ಣಿಗೆ ಬಿತ್ತು. ಪಂಚಾಯತಿನಲ್ಲಿ ಮಾಡಿಸಿದ ಮದುವೆ ಸರ್ಟಿಫಿಕೇಟ್ ಹುಡುಕಿ, ಸ್ಕ್ಯಾನ್ ಮಾಡಿ ಕಳಿಸಿದೆ. ಸರಿಹೋಯಿತು. ಒಂದು ದಿನ ತಡವಾಗಿದ್ದರೆ ಪಾಲಿಸಿ ರದ್ದಾಗುತ್ತಿತ್ತು. "ಯಾವುದಾದರೂ ಕಂಪನಿ ನಿಮ್ಮ ಪಾಲಿಸಿ ರದ್ದು ಮಾಡಿದೆಯಾ" ಅಂತ ಆಮೇಲೆ ಬೇರೆ ಕಂಪನಿಗಳೂ ಕೇಳುತ್ತವೆ. ಹೌದು ಅಂದರೆ ಬೆಲೆ ಏರುತ್ತದೆ, ಕೆಲವರು ಕೊಡುವುದೇ ಇಲ್ಲ.

ಊರಿನಿಂದ ಈಚೆಗೆ ಬಂದವರಿಗೆ ಕಾಗದ ಇನ್ನೂ ಜಾಸ್ತಿ ಕೇಳುತ್ತಾರೆ. ಕಾಸರಗೋಡಿನ ಆರ್‌ಟಿಒ ಕೊಟ್ಟ ಲೈಸೆನ್ಸ್ ಇಲ್ಲಿಯ ಡಿವಿಎಲ್‌ಎ (ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿ) ದಾಖಲೆಯಲ್ಲಿ ಇರುವುದಿಲ್ಲ. ಕಾರ್ಡನ್ನೇ ನೋಡಬೇಕು. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಓಡಿಸಬಹುದು, ಅದನ್ನು ಹಾಗೆಯೇ ಬದಲಿಸಿ ಕೊಡುವುದಿಲ್ಲ, ಟೆಸ್ಟ್ ಪಾಸಾಗಲೇಬೇಕು. ವೀಸಾ, ಬಂದ ತಾರೀಕು ಕೇಳುವುದು ಇದಕ್ಕೇ.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. "ಮಗ ಓಡಿಸಲಿ, ಇನ್ಶೂರೆನ್ಸ್ ಅಪ್ಪನ ಹೆಸರಿನಲ್ಲಿ ಇರಲಿ, ದುಡ್ಡು ಉಳಿಯುತ್ತದೆ" ಅಂತ ನಮ್ಮ ಗುಂಪಿನಲ್ಲೇ ಸಲಹೆ ಬಂದಿದೆ. ದಯವಿಟ್ಟು ಹಾಗೆ ಮಾಡಬೇಡಿ. ದಿನಾ ಓಡಿಸುವವನು ಮಗ, ಮುಖ್ಯ ಚಾಲಕ ಅಪ್ಪ ಅಂತ ಬರೆದರೆ ಇಲ್ಲಿ ಅದು ವಂಚನೆ. 17 ವರ್ಷದ ಹುಡುಗನ ಎದುರು ಕೂತು ನಾವೇ ಸುಳ್ಳು ಬರೆಯುವುದು ನನಗಂತೂ ಆಗುವುದಿಲ್ಲ. ವಾಟ್ಸಾಪಿನಲ್ಲಿ ಅರ್ಧ ಬೆಲೆಗೆ ಪಾಲಿಸಿ ಕೊಡುತ್ತೇವೆ ಅನ್ನುವವರ ಹತ್ತಿರವೂ ಹೋಗಬೇಡಿ. ಅವರಲ್ಲಿ ಕೆಲವರು ಸುಳ್ಳು ವಿವರ ಹಾಕಿ ಪಾಲಿಸಿ ಮಾಡಿಸಿ, ಕಾಗದ ಕೈಗೆ ಕೊಟ್ಟು, ಆಮೇಲೆ ರದ್ದು ಮಾಡುತ್ತಾರೆ. ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, 6 ಪಾಯಿಂಟ್. ಟೆಸ್ಟ್ ಪಾಸಾಗಿ ಎರಡು ವರ್ಷದೊಳಗೆ 6 ಪಾಯಿಂಟ್ ಆದರೆ ಲೈಸೆನ್ಸೇ ಹೋಗುತ್ತದೆ, ಮಗು ಮತ್ತೆ ಮೊದಲಿನಿಂದ ಟೆಸ್ಟ್ ಕೊಡಬೇಕು.

ಕಾಗದ ಕೊಡುವಾಗ ಭಯ ಇರುವುದು ಸಹಜ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ. ಪಾಲಿಸಿ ಕಾಗದದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ, ಕಂಪನಿಯ ಸ್ವಂತ ಪೇಜಿನಲ್ಲಿ ಲಾಗಿನ್ ಆಗಿ ಹಾಕಿ. ಬ್ಯಾಂಕ್ ಪಾಸ್‌ವರ್ಡ್ ಕೇಳಿದರೆ ಅದು ಮೋಸವೇ. ಲೈಸೆನ್ಸಿನ ದಾಖಲೆ ಬೇಕೆಂದರೆ ಸರ್ಕಾರದ ಪೇಜಿನಿಂದ ಚೆಕ್ ಕೋಡ್ ತೆಗೆದು ಕೊಡಬಹುದು, ಅದು 21 ದಿನ ಮಾತ್ರ ನಡೆಯುತ್ತದೆ.

ಊರಿನಲ್ಲಿ ಅಪ್ಪ ಅಮ್ಮನಿಗೆ ಕಾರು ತೆಗೆದುಕೊಟ್ಟವರು ಇಲ್ಲಿ ತುಂಬ ಜನ ಇದ್ದೀರಿ. ಅಲ್ಲೂ 2023ರ ಜನವರಿ 1ರಿಂದ ಹೊಸ ಪಾಲಿಸಿಗೆ ಕೆವೈಸಿ ಕಡ್ಡಾಯ. ಎರಡು ವರ್ಷದ ಹಿಂದೆ ಸೀತಾಂಗೋಳಿ ಹತ್ತಿರ ನಮ್ಮ ಅಪ್ಪನ ಕಾರಿಗೆ ಲಾರಿ ತಾಗಿತು. ದೇವರ ದಯೆ, ಅಪ್ಪನಿಗೆ ಏನೂ ಆಗಲಿಲ್ಲ. ಕ್ಲೇಮಿಗೆ ಲೈಸೆನ್ಸ್ ಕೇಳಿದಾಗ ಅಮ್ಮ ಕಪಾಟಿನಲ್ಲಿ ಪಂಚಾಂಗದ ನಡುವೆ ಇಟ್ಟದ್ದನ್ನು ತೆಗೆದು ನೋಡಿದರು. ಅವಧಿ ಮುಗಿದು ಐದು ತಿಂಗಳಾಗಿತ್ತು. ಕ್ಲೇಮ್ ಸಿಗಲಿಲ್ಲ. ಮಾಲೀಕನೇ ಓಡಿಸುವಾಗ ಸಿಗಬೇಕಾದ 15 ಲಕ್ಷದ ಅಪಘಾತ ವಿಮೆಗೂ ಊರ್ಜಿತ ಲೈಸೆನ್ಸ್ ಬೇಕು, ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. 55 ದಾಟಿದವರಿಗೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಈ ವಾರ ಊರಿಗೆ ಫೋನ್ ಮಾಡುವಾಗ ಆ ತಾರೀಕು ಕೇಳಿ ಬರೆದಿಟ್ಟುಕೊಳ್ಳಿ.

ಚಿಕ್ಕ ಮಕ್ಕಳಿರುವವರು ಬರ್ತ್ ಸರ್ಟಿಫಿಕೇಟು, ಪಾಸ್‌ಪೋರ್ಟು, ಶಾಲೆ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯಾ ಅಂತ ಈಗಲೇ ನೋಡಿ. ಪ್ರೊವಿಷನಲ್ ಲೈಸೆನ್ಸಿಗೆ 15 ವರ್ಷ 9 ತಿಂಗಳಿಗೇ ಅರ್ಜಿ ಹಾಕಬಹುದು, ಅಷ್ಟರೊಳಗೆ ಸರಿಮಾಡಿಸಿ. ಮನೆ ಹೆಸರು ಬೇಕೆಂದರೆ ಇಡಿಯಾಗಿ ಇಡಿ, ಒಂದಕ್ಷರದ ಇನಿಶಿಯಲ್ ಬೇಡ. ನನ್ನ ಮಗಳ ಸರ್‌ನೇಮ್ ನಮ್ಮ ತರವಾಡಿನ (ಕುಟುಂಬದ ಮೂಲ ಮನೆಯ) ಪೂರ್ತಿ ಹೆಸರು.

ಮುಳ್ಳೇರಿಯದವರೇ, ನಿಮ್ಮ ಲೈಸೆನ್ಸಿನಲ್ಲಿ ಸರ್‌ನೇಮ್ ಜಾಗದಲ್ಲಿ ಏನಿದೆ, ಪಾಲಿಸಿಯಲ್ಲಿ ಏನು ಬರೆದಿದ್ದೀರಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬೇರೆ ಬೇರೆ ಇದ್ದರೆ ಸೋಮವಾರ ಬೆಳಗ್ಗೆಯೇ ಫೋನ್ ಮಾಡಿ. ಮಾತಾಡಲು ಅಂಜಿಕೆ ಆದರೆ ನನಗೆ ಮೆಸೇಜ್ ಹಾಕಿ, ಲೈನಿನಲ್ಲಿ ನಾನೂ ಇರುತ್ತೇನೆ.