ಸ್ವೀಡನ್ನಿನ ಸಂಶೋಧನೆಯಲ್ಲಿ ಇತಿಹಾಸಕಾರರೂ ವೈದ್ಯರೂ ಒಂದೇ ದಾಖಲೆಯನ್ನು ಓದುವುದು ಹೇಗೆ?

ತಾಳೆಗರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸದ ವಿದ್ಯಾರ್ಥಿನಿ. ಸ್ವೀಡನ್ನಿನ ಹಲವು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ‘ದೀವಾ’ ಎಂಬ ಡಿಜಿಟಲ್ ಭಂಡಾರದಲ್ಲಿ ಮಹಾಪ್ರಬಂಧಗಳನ್ನು ಹುಡುಕಿ ಓದುವುದು ಇತ್ತೀಚೆಗೆ ನನಗೆ ರೂಢಿಯಾಗಿದೆ. ಅಲ್ಲಿ ಸಾಹಿತ್ಯ, ಇತಿಹಾಸ, ಧರ್ಮಶಾಸ್ತ್ರಗಳ ಪ್ರಬಂಧಗಳ ಪಕ್ಕದಲ್ಲೇ ಕ್ಯಾನ್ಸರ್, ಹೃದ್ರೋಗ, ಮನೋರೋಗಗಳ ಪ್ರಬಂಧಗಳೂ ಸಿಗುತ್ತವೆ. ಇತಿಹಾಸದ ಪ್ರಬಂಧ ನಾನೂರು ಪುಟಗಳ ಒಂದೇ ಗ್ರಂಥವಾಗಿದ್ದು ಬಹುಮಟ್ಟಿಗೆ ಸ್ವೀಡಿಷ್ ಭಾಷೆಯಲ್ಲಿದ್ದರೆ, ವೈದ್ಯಶಾಸ್ತ್ರದ್ದು ಇಂಗ್ಲಿಷಿನಲ್ಲಿ ಬರೆದ ತೆಳುವಾದ ಹೊತ್ತಗೆಯಾಗಿರುತ್ತದೆ. ಇವೆರಡೂ ಒಂದೇ ಪದವಿಗೆ ಸಲ್ಲಿಸಿದವು ಎಂದು ನಂಬುವುದೇ ಕಷ್ಟ.

ಆದರೆ ನನ್ನ ಮುಖ್ಯ ಪ್ರಶ್ನೆ ಬೇರೆ. ಹತ್ತೊಂಬತ್ತನೆಯ ಶತಮಾನದ ಓದುಬರಹದ ಬಗ್ಗೆ ಬರೆದವರೂ, ಆನುವಂಶಿಕ ಆರೋಗ್ಯದ ಬಗ್ಗೆ ಬರೆದವರೂ ಚರ್ಚಿನ ಅವೇ ಹಳೆಯ ಪುಸ್ತಕಗಳನ್ನು ಆಕರವಾಗಿ ಹೆಸರಿಸುತ್ತಾರೆ. ಈ ಎರಡು ವಿದ್ವತ್ ವಲಯಗಳ ನಡುವೆ ನಿಜವಾದ ಕೊಡುಕೊಳ್ಳುವಿಕೆ ಇದೆಯೇ, ಅಥವಾ ಒಂದೇ ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಹೊರಟುಹೋಗುತ್ತಾರೆಯೇ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಅಂಕಿ_ಅಂಶ (ಉತ್ತರ):

ತಾಳೆಗರಿಯವರೇ, ಪ್ರಬಂಧಗಳ ಗಾತ್ರದ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ವೈದ್ಯಶಾಸ್ತ್ರದಲ್ಲಿ ಸಂಶೋಧನಾರ್ಥಿಯು ನಾಲ್ಕೈದು ಲೇಖನಗಳನ್ನು ಸಿದ್ಧಪಡಿಸಿ, ಅವುಗಳನ್ನು ಬೆಸೆಯುವ ಒಂದು ವಿಸ್ತಾರವಾದ ನಿರೂಪಣೆಯನ್ನು ಮುಂದೆ ಸೇರಿಸಿ ಸಲ್ಲಿಸುವುದು ವಾಡಿಕೆ. ಭಂಡಾರದಲ್ಲಿ ನಿಮಗೆ ಕಾಣುವುದು ಅನೇಕ ವೇಳೆ ಆ ನಿರೂಪಣೆ ಮಾತ್ರ, ಏಕೆಂದರೆ ಲೇಖನಗಳ ಹಕ್ಕು ಪತ್ರಿಕೆಗಳ ಬಳಿ ಇರುತ್ತದೆ. ಹೀಗಾಗಿ ಅದು ತೆಳುವಾಗಿರುವುದರಿಂದ ಕೆಲಸ ಕಡಿಮೆ ಎಂದು ಭಾವಿಸಬೇಕಾಗಿಲ್ಲ. ಎರಡೂ ಕಡೆ ನಾಲ್ಕು ವರ್ಷಗಳ ಪೂರ್ಣಾವಧಿ ವ್ಯಾಸಂಗಕ್ಕೆ ಸಮನಾದ ಕೆಲಸವನ್ನೇ ನಿರೀಕ್ಷಿಸುತ್ತಾರೆ. ಕೊನೆಯಲ್ಲಿ ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಸಭೆಯ ಮುಂದೆ ಪ್ರಬಂಧವನ್ನು ಪ್ರಶ್ನಿಸುವ ಬಹಿರಂಗ ಪರೀಕ್ಷೆಯೂ ಎರಡೂ ಕಡೆ ಇದೆ.

ಚರ್ಚಿನ ಪುಸ್ತಕಗಳ ವಿಷಯಕ್ಕೆ ಬರೋಣ. 1686ರ ಚರ್ಚ್ ಕಾನೂನು ಪ್ರತಿಯೊಬ್ಬ ಪಾದ್ರಿಯೂ ತನ್ನ ವ್ಯಾಪ್ತಿಯ ಜನನ, ವಿವಾಹ, ಮರಣಗಳನ್ನು ಬರೆದಿಡಬೇಕೆಂದು ವಿಧಿಸಿತು. ಇದಲ್ಲದೆ ಪಾದ್ರಿಯು ಮನೆಮಂದಿಯನ್ನು ಕೂಡಿಸಿ, ಅವರು ಪುಸ್ತಕ ನೋಡಿ ಓದಬಲ್ಲರೇ, ಲೂಥರನ ಧರ್ಮಪ್ರಶ್ನೋತ್ತರವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲರೇ ಎಂದು ಪರೀಕ್ಷಿಸಿ, ಅದರ ಫಲಿತಾಂಶವನ್ನು ಇನ್ನೊಂದು ಪುಸ್ತಕದಲ್ಲಿ ದಾಖಲಿಸುತ್ತಿದ್ದ. ಹತ್ತೊಂಬತ್ತನೆಯ ಶತಮಾನದ ಇಂಥ ಪುಸ್ತಕದ ಒಂದು ಪುಟವನ್ನು ಬಿಡಿಸಿ ನೋಡಿದರೆ, ಮೇಲ್ಗಡೆ ಹಳ್ಳಿಯ ಮತ್ತು ಹೊಲಮನೆಯ ಹೆಸರು, ಅದರ ಕೆಳಗೆ ಯಜಮಾನ, ಹೆಂಡತಿ, ಮಕ್ಕಳು, ಆಳುಗಳು ಹೀಗೆ ಸಾಲಾಗಿ ಜನ, ಪ್ರತಿಯೊಬ್ಬರ ಎದುರು ಹುಟ್ಟಿದ ದಿನ ಮತ್ತು ಊರು, ಓದಿಗೆ ಕೊಟ್ಟ ಗುರುತು, ಸಿಡುಬು ಬಂದಿತ್ತೇ ಅಥವಾ ಲಸಿಕೆ ಹಾಕಲಾಗಿತ್ತೇ ಎಂಬ ಟಿಪ್ಪಣಿ, ಯಾವ ವರ್ಷ ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಎಂಬ ವಿವರ ಕಾಣುತ್ತವೆ. ಸಿಡುಬಿನ ಲಸಿಕೆಯನ್ನು ಸ್ವೀಡನ್ 1816ರಲ್ಲೇ ಕಡ್ಡಾಯ ಮಾಡಿದ್ದರಿಂದ ಆ ಕಲಮಿಗೆ ವಿಶೇಷ ಬೆಲೆಯಿದೆ. ಒಬ್ಬ ಸೇವಕಿಯ ಅಕ್ಷರಜ್ಞಾನ, ಆರೋಗ್ಯ, ವಲಸೆ ಈ ಮೂರೂ ಒಂದೇ ಸಾಲಿನಲ್ಲಿ ಸಿಗುವ ಇಂಥ ದಾಖಲೆ ಪ್ರಪಂಚದಲ್ಲಿ ಬಹಳ ಅಪರೂಪ.

ಈ ಒಂದು ಸಾಲನ್ನು ಇಬ್ಬರು ವಿದ್ವಾಂಸರು ಹೇಗೆ ಓದಿದರು ನೋಡಿ. ಉತ್ತರ ಸ್ವೀಡನ್ನಿನ ಉಮಿಯೋ ನಗರದ ಎಗಿಲ್ ಯೋಹಾನ್ಸನ್ ಅವರು ಓದಿನ ಕಲಮನ್ನು ಹಿಡಿದು ಹೊರಟು, 1842ರಲ್ಲಿ ಶಾಲಾ ಶಾಸನ ಬರುವುದಕ್ಕೆ ಬಹಳ ಮೊದಲೇ ಸ್ವೀಡನ್ನಿನ ರೈತಾಪಿ ಜನ, ಹೆಂಗಸರೂ ಸೇರಿದಂತೆ, ವ್ಯಾಪಕವಾಗಿ ಓದಬಲ್ಲವರಾಗಿದ್ದರೆಂದು ತೋರಿಸಿಕೊಟ್ಟರು. ಬರೆಯಲು ಬಾರದವರೂ ಓದಬಲ್ಲವರಾಗಿದ್ದರು ಎಂಬ ಈ ನಿರ್ಣಯ ಅಕ್ಷರಜ್ಞಾನದ ಇತಿಹಾಸವನ್ನು ಯೋಚಿಸುವ ಕ್ರಮವನ್ನೇ ಬದಲಿಸಿತು. ಇತ್ತ ಉತ್ತರದ ಓವರ್‌ಕಾಲಿಕ್ಸ್ ಎಂಬ ಸಣ್ಣ ಪ್ರದೇಶದಲ್ಲಿ ವೈದ್ಯ ಲಾರ್ಸ್ ಊಲೋವ್ ಬಿಗ್ರೆನ್ ಮತ್ತು ಅವರ ಸಂಗಡಿಗರು 1890, 1905 ಮತ್ತು 1920ರಲ್ಲಿ ಹುಟ್ಟಿದವರನ್ನು ಆಯ್ದು, ಅವರ ಅಜ್ಜ ಅಜ್ಜಿಯರು ಬಾಲ್ಯದಲ್ಲಿದ್ದಾಗ ಯಾವ ವರ್ಷ ಬೆಳೆ ಚೆನ್ನಾಗಿತ್ತು, ಯಾವ ವರ್ಷ ಕೈಕೊಟ್ಟಿತ್ತು ಎಂಬುದನ್ನು ಸುಗ್ಗಿಯ ಲೆಕ್ಕಗಳಿಂದ ಹೊಂದಿಸಿ ನೋಡಿದರು. ತಂದೆಯ ತಂದೆಗೆ ಎಳೆಯ ಹರೆಯಕ್ಕೆ ಮೊದಲಿನ ವರ್ಷಗಳಲ್ಲಿ ಊಟ ಧಾರಾಳವಾಗಿ ಸಿಕ್ಕಿದ್ದರೆ, ಮೊಮ್ಮಕ್ಕಳಲ್ಲಿ ಮಧುಮೇಹಕ್ಕೆ ಸಂಬಂಧಿಸಿದ ಸಾವು ಹೆಚ್ಚು ಎಂಬ ಫಲಿತಾಂಶ ಬಂದಾಗ ಎಪಿಜೆನೆಟಿಕ್ಸ್ (ಜೀನುಗಳು ಬದಲಾಗದೆಯೂ ಅವುಗಳ ಕೆಲಸ ಬದಲಾಗುವುದನ್ನು ಅಭ್ಯಸಿಸುವ ಶಾಖೆ) ವಲಯದಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ಅಲ್ಲಿ ಅಧ್ಯಯನಕ್ಕೆ ಸಿಕ್ಕವರು ಕೆಲವು ನೂರು ಮಂದಿ ಮಾತ್ರ ಎಂಬುದನ್ನು ಮರೆಯಬಾರದು. 2018ರಲ್ಲಿ ಡೆನ್ನಿ ವೋಗೆರ್ಯೋ ಮತ್ತು ಸಹೋದ್ಯೋಗಿಗಳು ಉಪ್ಸಾಲಾದ ದತ್ತಾಂಶದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮೊಮ್ಮಕ್ಕಳನ್ನು ತೆಗೆದುಕೊಂಡು ಇದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ತಂದೆಯ ತಂದೆಗೂ ಮೊಮ್ಮಗನಿಗೂ ಇರುವ ನಂಟು ಅಲ್ಲೂ ಕಂಡಿತು, ಆದರೆ ಅದು ಮುಖ್ಯವಾಗಿ ಕ್ಯಾನ್ಸರಿನ ಸಾವಿನಲ್ಲಿ ಕಂಡಿತೇ ಹೊರತು ಮಧುಮೇಹದಲ್ಲಿ ಅಲ್ಲ. ಅಂಕಿಸಂಖ್ಯೆಯಲ್ಲಿ ಕೆಲಸ ಮಾಡುವವನಾಗಿ ನಾನು ಹೇಳುವುದಾದರೆ, ಈ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಉಮಿಯೋದಲ್ಲಿದೆ. ಅಲ್ಲಿ 1973ರಲ್ಲಿ ಆರಂಭವಾದ ಜನಸಂಖ್ಯಾ ದತ್ತಾಂಶ ಕೇಂದ್ರವು ಈ ಪುಸ್ತಕಗಳನ್ನು ಸಾಲು ಸಾಲಾಗಿ ಕಂಪ್ಯೂಟರಿಗೆ ಏರಿಸಿತು. ಅದರ ಸ್ಥಾಪನೆಯಲ್ಲಿ ಮುಂದೆ ನಿಂತವರಲ್ಲಿ ಓದಿನ ಇತಿಹಾಸ ಬರೆದ ಅದೇ ಯೋಹಾನ್ಸನ್ ಒಬ್ಬರು. ಇತಿಹಾಸಕಾರರು ಕಟ್ಟಿದ ಆ ಕೇಂದ್ರದ ದತ್ತಾಂಶವನ್ನು ಇಂದು ವೈದ್ಯರೂ ದುಡಿಸಿಕೊಳ್ಳುತ್ತಿದ್ದಾರೆ.

ಹಳೆಯ_ಕಡತ (ಉತ್ತರ):

ಅಂಕಿ_ಅಂಶ ಅವರು ಬರೆದದ್ದೆಲ್ಲ ಸರಿಯಾಗಿದೆ. ಆದರೆ ಈ ದಾಖಲೆಗಳ ಕಥೆಯನ್ನು ಬರೀ ಸಂಪತ್ತಿನ ಕಥೆಯಾಗಿ ಹೇಳಿ ನಿಲ್ಲಿಸುವುದನ್ನು ನಾನು ಒಪ್ಪಲಾರೆ. ಚರ್ಚಿನ ಈ ಪುಸ್ತಕಗಳನ್ನು ವೈದ್ಯಶಾಸ್ತ್ರಕ್ಕೆ ಬಳಸಿದ ಹಿರಿಯರಲ್ಲಿ ಹರ್ಮನ್ ಲುಂಡ್‌ಬೋರ್ಯ್ ಒಬ್ಬರು. ಬ್ಲೇಕಿಂಗೆ ಪ್ರಾಂತದ ಒಂದು ರೈತ ಕುಲದ 2,232 ಮಂದಿಯ ವಂಶಾವಳಿಯನ್ನು ಕಟ್ಟಿ 1913ರಲ್ಲಿ ಅವರು ಪ್ರಕಟಿಸಿದರು. ಅದರಲ್ಲಿ ಅವರು ಗುರುತಿಸಿದ ಒಂದು ಬಗೆಯ ಆನುವಂಶಿಕ ಮೂರ್ಛೆರೋಗಕ್ಕೆ ಇಂದಿಗೂ ಅವರ ಹೆಸರು ಅಂಟಿಕೊಂಡಿದೆ, ಮತ್ತು ರೋಗಶಾಸ್ತ್ರದ ಮಟ್ಟಿಗೆ ಅದು ಗಟ್ಟಿಯಾದ ಕೆಲಸ. ಆದರೆ ಅದೇ ಗ್ರಂಥದಲ್ಲಿ ಅವರು ಆ ಕುಲದ ಬಡತನ, ಕುಡಿತ, ನಡತೆಗಳನ್ನೂ ರಕ್ತದ ಅವನತಿ ಎಂದು ಓದಿದರು. ಪಾದ್ರಿಯೊಬ್ಬ ನಡತೆಯ ಕಲಮಿನಲ್ಲಿ ಬರೆದ ಒಂದು ಕಟುವಾದ ಮಾತು, ನೂರು ವರ್ಷಗಳ ನಂತರ ವೈದ್ಯನ ಕೈಯಲ್ಲಿ ರೋಗಲಕ್ಷಣವಾಗಿಬಿಡಬಲ್ಲದು. ಆ ಪಾದ್ರಿ ಯಾರು, ಯಾಕೆ ಹಾಗೆ ಬರೆದ, ಯಾರ ಬಗ್ಗೆ ಬರೆಯದೆ ಬಿಟ್ಟ ಎಂದು ಕೇಳುವುದು ಇತಿಹಾಸಕಾರನ ಕೆಲಸ, ಮತ್ತು ಅದನ್ನು ಯಾರೂ ಕೇಳದೆ ಹೋದಾಗ ಏನಾಗುತ್ತದೆ ಎಂಬುದನ್ನು ಸ್ವೀಡನ್ ಕಂಡಿದೆ.

1922ರಲ್ಲಿ ಸರಕಾರವೇ ಉಪ್ಸಾಲಾದಲ್ಲಿ ಜನಾಂಗ ಜೀವಶಾಸ್ತ್ರದ ಸಂಸ್ಥೆಯನ್ನು ತೆರೆದು ಲುಂಡ್‌ಬೋರ್ಯ್ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಿತು. ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ತಲೆಬುರುಡೆಗಳನ್ನು ಅಳೆದು, ಅವರ ಫೋಟೋ ತೆಗೆದು ಶ್ರೇಣೀಕರಿಸುವುದು ಅಲ್ಲಿನ ಕೆಲಸಗಳಲ್ಲಿ ಒಂದಾಗಿತ್ತು. 1934 ಮತ್ತು 1941ರ ಕಾನೂನುಗಳ ಅಡಿಯಲ್ಲಿ, 1970ರ ದಶಕದ ನಡುವಿನವರೆಗೆ ಸುಮಾರು 63,000 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಅವರಲ್ಲಿ ಬಹುಪಾಲು ಮಹಿಳೆಯರು. ಎಲ್ಲವೂ ಬಲವಂತದ್ದಲ್ಲ, ಆದರೆ ಒತ್ತಡದಲ್ಲಿ ಸಹಿ ಹಾಕಿದವರು ಸಾವಿರಾರು ಮಂದಿ. ಇದನ್ನು ಕಡತಗಳಿಂದ ಹೊರತೆಗೆದವರು ಗುನ್ನಾರ್ ಬ್ರೂಬೆರ್ಯ್, ಮತ್ತಿಯಾಸ್ ತಿದೇನ್, ಮಾಯಾ ರುಂಸಿಸ್ ಮೊದಲಾದ ಇತಿಹಾಸಕಾರರು. 1997ರಲ್ಲಿ ಪತ್ರಿಕೆಗಳು ವಿಷಯವನ್ನು ಎತ್ತಿಕೊಂಡ ನಂತರ ಸರಕಾರ ವಿಚಾರಣಾ ಸಮಿತಿ ನೇಮಿಸಿತು, 1999ರಲ್ಲಿ ಸಂತ್ರಸ್ತರಿಗೆ ತಲಾ 1,75,000 ಕ್ರೋನಾ ಪರಿಹಾರ ನಿಗದಿಯಾಯಿತು. ಮಾನವಿಕ (ಇತಿಹಾಸ, ಸಾಹಿತ್ಯ ಮೊದಲಾದವುಗಳ) ಸಂಶೋಧನೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಇದು.

ಇನ್ನೊಂದು ಪ್ರಸಂಗ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯದು. ಬುದ್ಧಿಮಾಂದ್ಯರೆಂದು ಅಲ್ಲಿ ಇರಿಸಲಾಗಿದ್ದ ರೋಗಿಗಳ ಮೇಲೆ 1945ರಿಂದ ಸುಮಾರು ಹತ್ತು ವರ್ಷ ಹಲ್ಲುಹುಳುಕಿನ ಪ್ರಯೋಗಗಳು ನಡೆದವು. ಹಲ್ಲಿಗೆ ಅಂಟಿಕೊಳ್ಳುವಂತೆ ವಿಶೇಷವಾಗಿ ತಯಾರಿಸಿದ ಮಿಠಾಯಿಯನ್ನು ಒಂದು ಗುಂಪಿಗೆ ದಿನಕ್ಕೆ 8, ಮತ್ತೊಂದಕ್ಕೆ 24 ಕೊಟ್ಟು, ಹಲ್ಲುಗಳು ಹೇಗೆ ಹಾಳಾಗುತ್ತವೆಂದು ನೋಡಿದರು. ರೋಗಿಗಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ, ಹಣದಲ್ಲಿ ಒಂದು ಭಾಗ ಸಕ್ಕರೆ ಮತ್ತು ಮಿಠಾಯಿ ಉದ್ಯಮದಿಂದಲೇ ಬಂದಿತ್ತು. ಎಷ್ಟು ಸಕ್ಕರೆ ತಿಂದಿರಿ ಎನ್ನುವುದಕ್ಕಿಂತ, ಊಟಗಳ ನಡುವೆ ಎಷ್ಟು ಸಲ ತಿಂದಿರಿ, ಅದು ಹಲ್ಲಿಗೆ ಎಷ್ಟು ಅಂಟಿತು ಎಂಬುದೇ ಮುಖ್ಯ ಎಂಬ ನಿರ್ಣಯ ದಂತವೈದ್ಯಕ್ಕೆ ಅಡಿಗಲ್ಲಾಯಿತು. ಮಕ್ಕಳಿಗೆ ಶನಿವಾರ ಮಾತ್ರ ಸಿಹಿ ಕೊಡುವ ಸ್ವೀಡಿಷ್ ಪದ್ಧತಿಯೂ ಆ ಉಪದೇಶದಿಂದಲೇ ಬೇರೂರಿತು. ಆ ಫಲಿತಾಂಶ ಸುಳ್ಳಲ್ಲ. ಅದನ್ನು ಪಡೆದ ರೀತಿಯನ್ನು ಎಲಿನ್ ಬೊಮ್ಮೆನೆಲ್ ಅವರು 2006ರ ತಮ್ಮ ಮಹಾಪ್ರಬಂಧದಲ್ಲಿ ವೈದ್ಯರು, ಅಧಿಕಾರಿಗಳು, ಉದ್ಯಮಗಳ ಕಡತಗಳನ್ನೆಲ್ಲ ಜೋಡಿಸಿ ನಿರೂಪಿಸಿದರು. ತಾಳೆಗರಿಯವರು ಇತಿಹಾಸದ ವಿದ್ಯಾರ್ಥಿನಿಯಾದ್ದರಿಂದ ಆ ಪ್ರಬಂಧದಿಂದಲೇ ಓದು ಆರಂಭಿಸಲಿ ಎಂದು ನನ್ನ ಸಲಹೆ.

ತಾಳೆಗರಿ:

ಇಬ್ಬರಿಗೂ ಕೃತಜ್ಞತೆಗಳು. ನಡತೆಯ ಕಲಮು ರೋಗಲಕ್ಷಣವಾಗುವ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಒಂದು ಉಪಪ್ರಶ್ನೆ: ಇಷ್ಟೆಲ್ಲ ಆದ ಮೇಲೆ ಈಗಿನ ನಿಯಮಗಳು ಹೇಗಿವೆ? ವಿಪೆಹೋಲ್ಮ್‌ನಂಥ ಆಸ್ಪತ್ರೆಯ ರೋಗಿಗಳ ಕಡತವನ್ನು ಇತಿಹಾಸದ ಸಂಶೋಧನಾರ್ಥಿ ಓದಬಹುದೇ? ವೈದ್ಯರಿಗೊಂದು, ನಮಗೊಂದು ಎಂದು ಬೇರೆ ಬೇರೆ ಕಾನೂನು ಇದೆಯೇ?

ಕಪಾಟು (ಉತ್ತರ):

ಕಾನೂನು ಒಂದೇ, ಮತ್ತು ಮಾನವಿಕ ವಿಭಾಗಗಳವರಿಗೆ ಇರಿಸುಮುರಿಸು ಆಗಿರುವುದೂ ಅದರಿಂದಲೇ. ಸಂಶೋಧನೆಯ ನೈತಿಕ ಪರಿಶೀಲನೆಯ ಕಾಯ್ದೆ 2004ರಲ್ಲಿ ಜಾರಿಗೆ ಬಂದಿತು. ಬದುಕಿರುವ ವ್ಯಕ್ತಿಯ ಆರೋಗ್ಯ, ಧರ್ಮ, ರಾಜಕೀಯ ನಿಲುವು, ಜನಾಂಗೀಯ ಮೂಲ ಇಂಥ ಸೂಕ್ಷ್ಮ ಮಾಹಿತಿಯನ್ನು ಸಂಶೋಧನೆಗೆ ಬಳಸುವುದಾದರೆ, ಸಂಶೋಧಕರು ವೈದ್ಯರಾಗಿರಲಿ, ಸಾಹಿತ್ಯದ ಪ್ರಾಧ್ಯಾಪಕರಾಗಿರಲಿ, ಮುಂಚಿತವಾಗಿ ಅನುಮತಿ ಪಡೆಯಲೇಬೇಕು. 2019ರಿಂದ ಇದಕ್ಕಾಗಿ ಇಡೀ ದೇಶಕ್ಕೆ ಒಂದೇ ಪ್ರಾಧಿಕಾರವಿದೆ. 2020ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದೆ ಇಂಥ ಸಂಶೋಧನೆ ನಡೆಸಿದರೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಪ್ರಯೋಗಾಲಯವನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಅರ್ಜಿ ನಮೂನೆಯಲ್ಲಿ ಸಂದರ್ಶನ ಆಧಾರಿತ ಅಧ್ಯಯನವನ್ನು ಹೇಗೆ ತುಂಬುವುದು ಎಂಬ ಮಾನವಿಕ ವಿದ್ವಾಂಸರ ಆಕ್ಷೇಪ ನನಗೆ ನ್ಯಾಯವಾಗಿಯೇ ಕಾಣುತ್ತದೆ, ಆದರೂ ಹಳೆಯ_ಕಡತ ಅವರು ಬರೆದದ್ದನ್ನು ಓದಿದವರು ಕಾನೂನೇ ಬೇಡವೆಂದು ಹೇಳಲಾರರು.

ರೋಗಿಯ ಕಡತಕ್ಕೆ ಗರಿಷ್ಠ 70 ವರ್ಷಗಳ ಗೋಪ್ಯತೆ ಇದೆ. ಆ ಅವಧಿ ಕಳೆದಿದ್ದರೆ ಯಾರು ಬೇಕಾದರೂ ಪತ್ರಾಗಾರದಲ್ಲಿ ಕೇಳಿ ಓದಬಹುದು, ಏಕೆಂದರೆ ಸರಕಾರಿ ದಾಖಲೆ ಸಾರ್ವಜನಿಕರದ್ದು ಎಂಬ ತತ್ವ ಅಲ್ಲಿ 1766ರ ಮುದ್ರಣ ಸ್ವಾತಂತ್ರ್ಯದ ಶಾಸನದಿಂದಲೇ ಬಂದಿದೆ. ಅವಧಿ ಕಳೆಯದಿದ್ದರೆ, ಸಂಶೋಧನೆಯ ಉದ್ದೇಶ ತಿಳಿಸಿ ಅರ್ಜಿ ಹಾಕಿದಾಗ, ಹೆಸರು ಹೊರಗೆಡಹಬಾರದು ಎಂಬಂಥ ಷರತ್ತುಗಳೊಂದಿಗೆ ಕೊಡುವುದುಂಟು.

ಇಂದಿನ ವೈದ್ಯ ಸಂಶೋಧನೆ ಹೆಚ್ಚಾಗಿ ಕಡತವನ್ನಲ್ಲ, ರಾಷ್ಟ್ರೀಯ ರಿಜಿಸ್ಟರುಗಳನ್ನು ನೆಚ್ಚಿಕೊಂಡಿದೆ. 1947ರಲ್ಲಿ ಪ್ರತಿ ನಿವಾಸಿಗೂ ವೈಯಕ್ತಿಕ ಸಂಖ್ಯೆ ಕೊಟ್ಟರು, 1958ರಲ್ಲಿ ಕ್ಯಾನ್ಸರ್ ರಿಜಿಸ್ಟರ್ ಶುರುವಾಯಿತು, ವೈದ್ಯರು ಬರೆದುಕೊಟ್ಟ ಔಷಧಿಗಳ ರಿಜಿಸ್ಟರ್ 2005ರಿಂದ ವ್ಯಕ್ತಿವಾರು ಇದೆ. ಸಂಶೋಧಕರ ಕೈಗೆ ಆ ಸಂಖ್ಯೆ ಸಾಮಾನ್ಯವಾಗಿ ಸಿಗುವುದಿಲ್ಲ. ದತ್ತಾಂಶವನ್ನು ಜೋಡಿಸಿಕೊಡುವ ಸರಕಾರಿ ಸಂಸ್ಥೆ ಅದರ ಜಾಗದಲ್ಲಿ ಬೇರೊಂದು ಕ್ರಮಸಂಖ್ಯೆ ಹಾಕಿ, ಎರಡನ್ನೂ ಹೊಂದಿಸುವ ಪಟ್ಟಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಚರ್ಚಿನ ಪುಸ್ತಕದಲ್ಲಿ ಮನುಷ್ಯನಿಗೆ ಹೆಸರು, ಮನೆ, ಊರು ಇದ್ದವು; ಇಲ್ಲಿ ಬರೀ ಕ್ರಮಸಂಖ್ಯೆ. ಗೋಪ್ಯತೆಯ ದೃಷ್ಟಿಯಿಂದ ಇದು ಅಗತ್ಯ. ಆದರೆ ಯಾರ ಬಗ್ಗೆ ಓದುತ್ತಿದ್ದೇವೆ ಎಂಬ ಅರಿವು ಮಸುಕಾಗುವುದೂ ಹೌದು, ಮತ್ತು ಅಲ್ಲಿಯೇ ನಿಮ್ಮಂಥವರ ಅವಶ್ಯಕತೆ ಹೆಚ್ಚು ಎಂದು ನಾನು ನಂಬುತ್ತೇನೆ. ಲುಂಡ್ ಮತ್ತು ಉಪ್ಸಾಲಾಗಳಲ್ಲಿ ವೈದ್ಯಕೀಯ ಮಾನವಿಕಕ್ಕೆಂದೇ ಕೇಂದ್ರಗಳು ತಲೆ ಎತ್ತಿವೆ. ಹಣದ ಮಟ್ಟಿಗೆ, 2001ರಲ್ಲಿ ರಚನೆಯಾದ ರಾಷ್ಟ್ರೀಯ ವಿಜ್ಞಾನ ಮಂಡಳಿ ಎರಡೂ ಕ್ಷೇತ್ರಗಳಿಗೆ ಕೊಡುತ್ತದೆ, ಸ್ವೀಡನ್ನಿನ ಕೇಂದ್ರ ಬ್ಯಾಂಕಾದ ರಿಕ್ಸ್‌ಬ್ಯಾಂಕಿನ ಸ್ಮಾರಕ ನಿಧಿ ಮಾನವಿಕ ಮತ್ತು ಸಮಾಜ ವಿಜ್ಞಾನಗಳಿಗೇ ಮೀಸಲು.

ಕೊನೆಯದಾಗಿ ಒಂದು ಉಪಯುಕ್ತ ಮಾಹಿತಿ. ಸ್ವೀಡನ್ನಿನ ರಾಷ್ಟ್ರೀಯ ಪತ್ರಾಗಾರವು ಸ್ಕ್ಯಾನ್ ಮಾಡಿದ ಚರ್ಚ್ ಪುಸ್ತಕಗಳನ್ನು 2018ರಿಂದ ಅಂತರಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ತಾಳೆಗರಿಯವರೇ, ನೀವು ಓವರ್‌ಕಾಲಿಕ್ಸ್‌ನ ಮನೆಪರೀಕ್ಷೆಯ ಪುಸ್ತಕವನ್ನು ಒಮ್ಮೆ ತೆರೆದು, ಬಿಗ್ರೆನ್ ಅವರ ಲೇಖನವನ್ನು ಪಕ್ಕದಲ್ಲಿಟ್ಟುಕೊಂಡು, ಅವರ ಕೋಷ್ಟಕದಲ್ಲಿ ಸೇರಿದ ಕಲಮುಗಳು ಯಾವುವು, ಬಿಟ್ಟುಹೋದವು ಯಾವುವು ಎಂದು ಹೋಲಿಸಿ ನೋಡಿ. ಕೈಬರಹ ಹಳೆಯ ಶೈಲಿಯದಾದ್ದರಿಂದ ಮೊದಲು ಕಷ್ಟವಾಗಬಹುದು. ಮಾಸಗಳ ಹೆಸರು ಮತ್ತು ಸಾಮಾನ್ಯ ಹೆಸರುಗಳ ಸಂಕ್ಷೇಪಗಳನ್ನು ಮೊದಲು ಗುರುತು ಹಿಡಿದರೆ ಉಳಿದದ್ದು ಓದುತ್ತಾ ಓದುತ್ತಾ ಬಿಡಿಸಿಕೊಳ್ಳುತ್ತದೆ.