1976ರ ಜಿಎಂಸಿ ಮೋಟರ್‌ಹೋಮ್: ಬಿಸಿಲಲ್ಲಿ ಏರು ಹತ್ತುವಾಗ ನಿಂತುಹೋಗುತ್ತದೆ, ತಣ್ಣಗಾದರೆ ಸ್ಟಾರ್ಟ್ ಆಗುತ್ತದೆ

ಫ್ರೀಮಾಂಟ್‌ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ 26 ಅಡಿಯ ಜಿಎಂಸಿ ಮೋಟರ್‌ಹೋಮ್ (ಒಳಗೇ ಉಳಿಯಬಹುದಾದ ಮನೆಯಂಥ ಗಾಡಿ) ಒಂದನ್ನು ಕೊಂಡೆವು. 1976ರ ಮಾಡೆಲ್, 455 ಕ್ಯೂಬಿಕ್ ಇಂಚಿನ ಇಂಜಿನ್, ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ). ಬಾಡಿ ಚೆನ್ನಾಗಿದೆ. ನಮ್ಮ ಮನೆಯವರು ಆಗಲೇ ಸೋಫಾ ಬಟ್ಟೆ ಆರಿಸುತ್ತಿದ್ದಾರೆ. ಆದರೆ ಗಾಡಿಯೇ ನೆಟ್ಟಗೆ ಓಡುತ್ತಿಲ್ಲ.

ಸಪಾಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ತಾಹೋ ಸರೋವರಕ್ಕೆ ಅಂತ ಕ್ಯಾಲಿಫೋರ್ನಿಯಾದ ಐ-80 ಹೆದ್ದಾರಿಯಲ್ಲಿ ಹೊರಟರೆ, ಆಬರ್ನ್ ದಾಟಿ ಏರು ಶುರುವಾದ ಮೇಲೆ ಎಳೆತ ಕಡಿಮೆಯಾಗುತ್ತದೆ. ಸ್ವಲ್ಪ ಹೊತ್ತು ಮುಗ್ಗರಿಸಿ ನಿಂತೇ ಬಿಡುತ್ತದೆ. ಅರ್ಧ ಗಂಟೆ ರಸ್ತೆ ಬದಿ ಕಾದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಬಿಸಿಲು ಜಾಸ್ತಿ ಇದ್ದ ದಿನ ಮಾತ್ರ ಹೀಗೆ. ಟೆಂಪರೇಚರ್ ಮುಳ್ಳು ಮಾಮೂಲಿ ಜಾಗದಲ್ಲೇ ಇರುತ್ತದೆ. ಗ್ಯಾರೇಜಿನವರು ಫ್ಯೂಯೆಲ್ ಪಂಪ್, ಫಿಲ್ಟರ್ ಎರಡೂ ಬದಲಾಯಿಸಿದರು, ಉಪಯೋಗವಾಗಲಿಲ್ಲ. ಈಗ ಕಾರ್ಬ್ಯುರೇಟರ್ ಬದಲಾಯಿಸಿ ಅನ್ನುತ್ತಿದ್ದಾರೆ. ಮಾಡಿಸಲಾ?

ಹಳೇಗಾಡಿ:

ಸದ್ಯಕ್ಕೆ ಬೇಡ ಸರ್. ಸಪಾಟಿನಲ್ಲಿ ಸರಿಯಾಗಿ ಓಡಿಸುವ ಕಾರ್ಬ್ಯುರೇಟರ್ ಮೇಲೆ ನನಗೆ ಅನುಮಾನ ಇಲ್ಲ.

ನೀವು ಹೇಳಿದ್ದಕ್ಕೆ ಮುಖ್ಯವಾಗಿ ಎರಡು ಕಾರಣ ಇರಬಹುದು. ಒಂದು, ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗುವುದು, ಅಂದರೆ ವೇಪರ್ ಲಾಕ್. ಇನ್ನೊಂದು, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಇಗ್ನಿಷನ್ ಮಾಡ್ಯೂಲ್. 1976ರ ಗಾಡಿಯಲ್ಲಿ ಕಿಡಿ ಹುಟ್ಟಿಸಲು ಹಳೇ ಕಾಲದ ಪಾಯಿಂಟ್ ಇರಲ್ಲ, ಎಚ್‌ಇಐ ಅನ್ನುವ ಎಲೆಕ್ಟ್ರಾನಿಕ್ ಇಗ್ನಿಷನ್ ಇರುತ್ತದೆ. ಆ ಮಾಡ್ಯೂಲ್ ಹಳತಾದರೆ ಬಿಸಿಯಾದಾಗ ಕೈಕೊಟ್ಟು, ತಣ್ಣಗಾದ ಮೇಲೆ ಮತ್ತೆ ಕೆಲಸ ಮಾಡುತ್ತದೆ. ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಯಾವುದು ಅಂತ ಗೊತ್ತಾಗುವುದು ಗಾಡಿ ನಿಂತಿರುವ ಆ ಅರ್ಧ ಗಂಟೆಯಲ್ಲಿ ಮಾತ್ರ. ಗ್ಯಾರೇಜು ಮುಟ್ಟುವ ಹೊತ್ತಿಗೆ ಎಲ್ಲಾ ಸರಿಹೋಗಿರುತ್ತದೆ, ಅವರೂ ಸುಮ್ನೆ ಊಹೆ ಮಾಡಬೇಕಾಗುತ್ತದೆ.

ಹಾಗಾಗಿ ಒಂದು ಸ್ಪಾರ್ಕ್ ಟೆಸ್ಟರ್ ಕೊಂಡು ಗಾಡಿಯಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲ ನಿಂತಾಗ ಮೊದಲು ಪ್ರೊಪೇನ್ (ಗಾಡಿಯೊಳಗಿನ ಅಡುಗೆ ಗ್ಯಾಸ್) ಆಫ್ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ. ಮುಂದಿನ ಎರಡು ಸೀಟಿನ ನಡುವಿನ ಮುಚ್ಚಳ ತೆಗೆದರೆ ಇಂಜಿನ್ ಒಳಗಿಂದಲೇ ಸಿಗುತ್ತದೆ. ಟೆಸ್ಟರ್ ಹಾಕಿ, ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ, ಕಿಡಿ ಬರುತ್ತದಾ ನೋಡಿ. ವೈರ್ ಕೈಯಲ್ಲಿ ಹಿಡಿದು ನೋಡುವ ಹಳೇ ಚಟ ಎಚ್‌ಇಐ ಜೊತೆ ಬೇಡ, ಜೋರಾಗಿ ಹೊಡೆಯುತ್ತದೆ. ಕಿಡಿ ಪರೀಕ್ಷೆ ಮುಗಿದ ಮೇಲೆ ಕೀ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು, ಕಾರ್ಬ್ಯುರೇಟರ್ ಒಳಗೆ ನೋಡುತ್ತಾ ಥ್ರಾಟಲ್ ಲಿವರ್ ತಳ್ಳಿ. ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಬೌಲ್, ಅಂದರೆ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಖಾಲಿ.

ಟ್ಯಾಂಕಿನ ಕ್ಯಾಪ್ ಕೂಡ ನಿಧಾನವಾಗಿ ತೆಗೆದು ನೋಡಿ. ಗಾಳಿ ಒಳಕ್ಕೆ ಎಳೆದುಕೊಂಡರೆ ವೆಂಟ್ (ಟ್ಯಾಂಕಿಗೆ ಗಾಳಿಯಾಡುವ ದಾರಿ) ಕಟ್ಟಿದೆ ಅಂತ ಅರ್ಥ.

ಮಲ್ನಾಡಕೂಸು:

ಅಯ್ಯೋ ಇದು ನಮ್ಮಪ್ಪನ ಅಂಬಾಸಿಡರ್ ಕಥೆ! ಆಗುಂಬೆ ಘಾಟಿ ಹತ್ತುವಾಗ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ನೀರು ಹೊಯ್ಯುತ್ತಿದ್ದರು. ಐದು ನಿಮಿಷಕ್ಕೆ ಗಾಡಿ ರೆಡಿ. ಇಲ್ಲೂ ಅದೇ ಮಾಡಿದರೆ ಆಗಲ್ವಾ ಅಣ್ಣಾ?

ಹಳೇಗಾಡಿ:

ಅಂಬಾಸಿಡರ್‌ಗೆ ಆಗುತ್ತಿತ್ತಮ್ಮ, ಅಲ್ಲಿ ಬಿಸಿಯಾಗುತ್ತಿದ್ದುದು ಹೆಚ್ಚಾಗಿ ಪಂಪೇ. ಈ ಗಾಡಿಯಲ್ಲಿ ಪಂಪ್ ಇರುವುದು ಮುಂದೆ ಇಂಜಿನ್ ಮೇಲೆ, ಟ್ಯಾಂಕುಗಳು ನಡುವೆ ನೆಲದ ಕೆಳಗೆ. ಅಷ್ಟು ದೂರದಿಂದ ಪಂಪ್ ಹೀರಿ ಎಳೆಯಬೇಕು. ಹೀರುವಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಪಕ್ಕದಲ್ಲೇ ಎಕ್ಸಾಸ್ಟ್ ಪೈಪು. ಮೇಲಕ್ಕೆ ಹೋದಷ್ಟೂ ಗಾಳಿಯ ಒತ್ತಡವೂ ಕಡಿಮೆ. ಐ-80 ಹತ್ತಿ ದಾಟುವ ಡಾನರ್ ಸಮ್ಮಿಟ್ ಅಂದರೆ ಸುಮಾರು 7,200 ಅಡಿ. ಜೊತೆಗೆ ಇವತ್ತಿನ ಪೆಟ್ರೋಲಿನಲ್ಲಿ ಶೇ. 10 ಎಥನಾಲ್. ಗಾಡಿ ಮಾಡಿದವರು ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮುಂದಿನ ಪಂಪಿಗೆ ಎಷ್ಟು ಬಟ್ಟೆ ಸುತ್ತಿದರೂ ಹಿಂದೆ ಕುದಿಯುವುದು ನಿಲ್ಲಲ್ಲ.

ಫ್ರೀಮಾಂಟ್‌ಕನ್ನಡಿಗ:

ಶನಿವಾರ ಬೇಕಂತಲೇ ಮಧ್ಯಾಹ್ನದ ಬಿಸಿಲಿಗೆ ಹೊರಟೆವು. ಕೋಲ್‌ಫ್ಯಾಕ್ಸ್ ಹತ್ತಿರ ನಿಂತಿತು. ಕಿಡಿ ಚೆನ್ನಾಗಿ ಬರುತ್ತಿದೆ. ಥ್ರಾಟಲ್ ತಳ್ಳಿದರೆ ಒಂದು ಹನಿಯೂ ಇಲ್ಲ. ಕ್ಯಾಪ್ ತೆಗೆದಾಗ ಗಾಳಿ ಎಳೆದುಕೊಳ್ಳಲಿಲ್ಲ, ಹೊರಕ್ಕೆ ಸ್ವಲ್ಪ ಬಂತು. ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿ ಇನ್ನೊಂದು ಟ್ಯಾಂಕಿಗೆ ಬದಲಾಯಿಸಿದರೂ ಅಷ್ಟೇ.

ಹಳೇಗಾಡಿ:

ಭೇಷ್. ಮಾಡ್ಯೂಲ್ ತಪ್ಪಿಲ್ಲ, ವೆಂಟ್ ಕಟ್ಟಿಲ್ಲ. ಪೆಟ್ರೋಲ್ ಮುಂದಕ್ಕೆ ಬರುತ್ತಿಲ್ಲ ಅನ್ನುವುದು ಖಾತ್ರಿ.

ಇನ್ನು ಟ್ಯಾಂಕ್ ಇಳಿಸುವ ಕೆಲಸ. ಯಾರಿಗೂ ಇಷ್ಟವಾಗುವ ಕೆಲಸ ಅಲ್ಲ, ಆದರೂ ಬಿಡುವ ಹಾಗಿಲ್ಲ. ರಬ್ಬರ್ ಹೋಸುಗಳು ಟ್ಯಾಂಕಿನ ಮೇಲ್ಭಾಗದಲ್ಲಿವೆ, ಇಳಿಸದೆ ಕೈಗೆ ಸಿಗಲ್ಲ. ಹಳೇ ರಬ್ಬರನ್ನು ಎಥನಾಲ್ ತಿಂದುಹಾಕುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಪಂಪ್ ಪೆಟ್ರೋಲಿನ ಜೊತೆ ಗಾಳಿಯನ್ನೂ ಹೀರುತ್ತದೆ. ಜಾಸ್ತಿ ಬಿರಿದರೆ ಬಿಸಿ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕುತ್ತದೆ. ಹಳೇ ಮೋಟರ್‌ಹೋಮ್ ಸುಟ್ಟುಹೋಗಲು ಅಷ್ಟು ಸಾಕು. ಹೋಸಿನ ಮೇಲೆ ಎಸ್‌ಎಇ 30ಆರ್9 ಅಂತ ಬರೆದಿರುವುದನ್ನೇ ತನ್ನಿ. ಟ್ಯಾಂಕ್ ಖಾಲಿ ಮಾಡಿಯೇ ಇಳಿಸಿ. ಎರಡೂ ಸೇರಿ 50 ಗ್ಯಾಲನ್ ಹಿಡಿಯುತ್ತವೆ, ಭಾರ ತಮಾಷೆಯಲ್ಲ.

ಆಮೇಲೆ ಎಲೆಕ್ಟ್ರಿಕ್ ಪಂಪ್. ಟ್ಯಾಂಕುಗಳ ಹತ್ತಿರ, ಟ್ಯಾಂಕ್ ಬದಲಾಯಿಸುವ ಸೆಲೆಕ್ಟರ್ ವಾಲ್ವ್ ಆದ ಮೇಲೆ, ಎಕ್ಸಾಸ್ಟಿನಿಂದ ದೂರ ಫ್ರೇಮಿಗೆ ಹಾಕಿ. ಆಗ ಹೀರುವ ಬದಲು ತಳ್ಳಿದ ಹಾಗಾಗುತ್ತದೆ, ಪೈಪಿನಲ್ಲಿ ಒತ್ತಡ ಏರುತ್ತದೆ, ಪೆಟ್ರೋಲ್ ಬೇಗ ಕುದಿಯಲ್ಲ. ಕಾರ್ಬ್ಯುರೇಟರ್‌ಗೆ ಆಗುವ 4ರಿಂದ 6 ಪಿಎಸ್‌ಐ ಒತ್ತಡದ ಪಂಪೇ ಬೇಕು. ಇಂಜೆಕ್ಷನ್ ಗಾಡಿಯ ಪಂಪ್ ಹಾಕಿದರೆ ಕಾರ್ಬ್ಯುರೇಟರ್ ಉಕ್ಕಿ ಹರಿಯುತ್ತದೆ.

ಕರೆಂಟನ್ನು ರಿಲೇ ಮತ್ತು ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ಕೊಡಿ. ಇಂಜಿನ್ ನಿಂತರೆ ಪಂಪೂ ನಿಲ್ಲಬೇಕು. ಇದನ್ನು ಬಿಟ್ಟು ನೇರ ಕೀಗೆ ಕೊಡುವವರಿದ್ದಾರೆ. ಅಪಘಾತವಾದಾಗ ಕೀ ಆಫ್ ಮಾಡುವವರು ಯಾರು?

ಮುಂದಿನ ಹಳೇ ಪಂಪನ್ನೂ ಕೆಲವರು ಉಳಿಸಿಕೊಳ್ಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಅದರೊಳಗಿನ ರಬ್ಬರ್ ಪರದೆ (ಡಯಾಫ್ರಾಮ್) ಹರಿದರೆ ಹಿಂದಿನ ಪಂಪ್ ಪೆಟ್ರೋಲನ್ನು ಸೀದಾ ಇಂಜಿನ್ ಆಯಿಲ್‌ಗೆ ತಳ್ಳುತ್ತದೆ. ತೆಗೆದು ಪ್ಲೇಟ್ ಮುಚ್ಚಿ.

ಮಲ್ನಾಡಕೂಸು:

ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ ಬರೆದಿರುವ ಡಾಟ್ ನಂಬರಿನ ಕೊನೆಯ ನಾಲ್ಕು ಅಂಕಿ 2314 ಇದ್ದರೆ 2014ರ 23ನೇ ವಾರ ತಯಾರಾದದ್ದು. ಟ್ರೆಡ್ ಹೊಸದರ ಹಾಗೆ ಕಂಡರೂ ಅಂಥವನ್ನು ನಂಬಿ ಘಾಟಿ ಹತ್ತಬೇಡಿ. ಸೋಫಾ ಆಮೇಲೆ ಮಾಡಿಸಿ ಅಂತ ಮನೆಯವರಿಗೆ ನನ್ನ ಹೆಸರಲ್ಲಿ ಹೇಳಿ, ಬೈಗುಳ ನನಗೇ ಬರಲಿ.

ಫ್ರೀಮಾಂಟ್‌ಕನ್ನಡಿಗ:

ಟ್ಯಾಂಕ್ ಇಳಿಸಿದಾಗ ಒಂದು ಹೋಸ್ ಕೈಯಲ್ಲೇ ಪುಡಿಯಾಯಿತು. ಎಲ್ಲಾ ಬದಲಾಯಿಸಿ, ಹಿಂದೆ ಪಂಪ್ ಹಾಕಿ, ನಿನ್ನೆ ಸುಡುಬಿಸಿಲಲ್ಲಿ ಹೋದೆವು. ಕೋಲ್‌ಫ್ಯಾಕ್ಸ್‌ನಲ್ಲಿ ನಿಲ್ಲಲಿಲ್ಲ, ಡಾನರ್‌ವರೆಗೂ ಒಂದೇ ಸಮ ಎಳೆಯಿತು. ತುಂಬಾ ಥ್ಯಾಂಕ್ಸ್ ಅಣ್ಣಾ. ಟೈರು 2013ರವು, ಹೊಸದಕ್ಕೆ ಆರ್ಡರ್ ಕೊಟ್ಟಿದ್ದೇನೆ. ಒಂದೇ ಪ್ರಶ್ನೆ: ಟ್ಯಾಂಕಿನ ವೆಂಟ್ ಹೋಸ್ ಮುಂದೆ ಒಂದು ಕಪ್ಪು ಡಬ್ಬಿಗೆ ಹೋಗುತ್ತದೆ. ಅದನ್ನು ಕಿತ್ತು ಬಿಸಾಕಿ ಅಂತ ಒಬ್ಬರು ಹೇಳಿದರು.

ಹಳೇಗಾಡಿ:

ಕೀಳಬೇಡಿ. ಅದು ಪೆಟ್ರೋಲ್ ಆವಿ ಹಿಡಿಯುವ ಇದ್ದಿಲ ಡಬ್ಬಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ ಚೆಕ್ (ಮಾಲಿನ್ಯ ತಪಾಸಣೆ) ಇಲ್ಲ. ನಿಮ್ಮದು 1976, ಒಂದೇ ವರ್ಷದಲ್ಲಿ ತಪ್ಪಿಹೋಯಿತು. ಡಬ್ಬಿ ಇಲ್ಲದಿದ್ದರೆ ಫೇಲ್ ಮಾಡುತ್ತಾರೆ. ಹೊಸ ಪಂಪಿನ ಬಗ್ಗೆಯೂ ಚೆಕ್ ಮಾಡುವವರನ್ನು ಮೊದಲೇ ಒಂದು ಮಾತು ಕೇಳಿ. ಡಬ್ಬಿಗೆ ಹೋಗುವ ಹೋಸುಗಳೂ ಹಳೆಯವೇ ಇರಬೇಕು, ಟೈರು ಬರುವಷ್ಟರಲ್ಲಿ ಅವನ್ನೂ ಬದಲಾಯಿಸಿಬಿಡಿ.