ಅಪ್ಪನನ್ನು ವಿಲನ್ ಮಾಡದೆ ಈ ಕಥೆ ಹೇಳುವುದು ಹೇಗೆ? (ಮಂಗಳೂರಿನ ಕಿರುಚಿತ್ರ, ಸಲಹೆ ಬೇಕು)

ದಕ್ಕೆ_ಹುಡುಗ:
ನಾವು ನಾಲ್ಕು ಜನ ಸೇರಿ ಇಪ್ಪತ್ತು ನಿಮಿಷದ ಒಂದು ಕಿರುಚಿತ್ರ ಮಾಡಲು ಹೊರಟಿದ್ದೇವೆ. ಹುಡುಗಿ ತುಳು ಮಾತಾಡುವ ಹಿಂದೂ ಮನೆಯವಳು. ಹುಡುಗ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ, ಬಂದರಿನಲ್ಲಿ ಒಣಮೀನಿನ ಅಂಗಡಿ ನೋಡಿಕೊಳ್ಳುತ್ತಾನೆ. ಸ್ಕ್ರಿಪ್ಟ್ ಮೂರು ಸಲ ಬರೆದೆ, ಮೂರು ಸಲವೂ ಹುಡುಗಿಯ ಅಪ್ಪ ಬರೀ ಕಿರುಚುತ್ತಾನೆ. ಮೊನ್ನೆ ಮೀರಾ ನಾಯರ್ ಅವರ 'ಮಿಸಿಸಿಪ್ಪಿ ಮಸಾಲಾ' (1991) ನೋಡಿದೆ. ಉಗಾಂಡದಲ್ಲಿದ್ದ ಭಾರತೀಯ ಮೂಲದ ವಕೀಲ, 1972ರಲ್ಲಿ ಅಲ್ಲಿನ ಸರ್ವಾಧಿಕಾರಿ ಈದಿ ಅಮೀನ್ ಏಷ್ಯಾದವರಿಗೆ ದೇಶ ಬಿಡಲು 90 ದಿನ ಗಡುವು ಕೊಟ್ಟಾಗ ಹೆಂಡತಿ, ಮಗಳ ಜೊತೆ ಹೊರಟವನು, ಕೊನೆಗೆ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ನೆಂಟರ ಮೋಟೆಲ್‌ಗೆ ಬಂದು ಸೇರುತ್ತಾನೆ. ಮಗಳು ಕಾರ್ಪೆಟ್ ತೊಳೆಯುವ ಕಪ್ಪು ಹುಡುಗನನ್ನು ಪ್ರೀತಿಸುತ್ತಾಳೆ. ಅಪ್ಪ ಬೇಡ ಅನ್ನುತ್ತಾನೆ. ಅವನನ್ನೇ ಚರ್ಮದ ಬಣ್ಣ ನೋಡಿ ಊರು ಬಿಡಿಸಿದ್ದಾರೆ, ಈಗ ಅವನೇ ಹೀಗೆ! ಆದರೂ ನನಗೆ ಅವನ ಮೇಲೆ ಸಿಟ್ಟೇ ಬರಲಿಲ್ಲ. ಅವರು ಇದನ್ನು ಹೇಗೆ ಸಾಧಿಸಿದರು?

ಕದ್ರಿ ಗುಡ್ಡೆ:
ಸಿನಿಮಾ ಶುರುವಾಗುವುದು ಪ್ರೀತಿಯಿಂದಲ್ಲ, ಉಗಾಂಡದ ರಾಜಧಾನಿ ಕಂಪಾಲದಿಂದ, ಅದು ನೋಡಿ. ಆ ವಕೀಲನನ್ನು ಜೈಲಿನಿಂದ ಬಿಡಿಸಿ ತಂದ ಬಾಲ್ಯದ ಗೆಳೆಯ ಒಕೆಲೊ ಕಪ್ಪು ಮನುಷ್ಯ. ಆಫ್ರಿಕಾ ಈಗ ಕಪ್ಪು ಜನರದ್ದು ಅಂತ ಅವನೇ ಹೇಳಿಬಿಡುತ್ತಾನೆ. ಆ ನೋವಿನಲ್ಲಿ ಇವನು ಗೆಳೆಯನಿಗೆ ಸರಿಯಾಗಿ ವಿದಾಯ ಕೂಡ ಹೇಳುವುದಿಲ್ಲ. ಮುಂದೆ ಮಗಳಿಗೆ ಬೇಡ ಅನ್ನುವಾಗ ನಮಗೆ ಕಾಣುವುದು ಒಕೆಲೊ, ಆ ಹುಡುಗ ಅಲ್ಲ. ನಿಮ್ಮ ಅಪ್ಪನ ಪಾತ್ರಕ್ಕೆ ಒಬ್ಬ ಒಕೆಲೊ ಇದ್ದಾನಾ?

ಇನ್ನೊಂದು, ಸುಮ್ನೆ ಹೇಳುವುದು. ಈ ಚಿತ್ರದ ಕೆಲಸದಲ್ಲಿರುವಾಗಲೇ ಮೀರಾ ಅವರಿಗೆ ಪ್ರಾಧ್ಯಾಪಕ ಮಹಮೂದ್ ಮಮ್ದಾನಿ ಪರಿಚಯವಾದದ್ದು. ಅವರೂ 1972ರಲ್ಲಿ ಉಗಾಂಡ ಬಿಡಬೇಕಾಗಿ ಬಂದವರು, ಗುಜರಾತಿ ಮೂಲದ ಮುಸ್ಲಿಂ ಕುಟುಂಬ. ಮುಂದೆ ಮದುವೆಯಾದರು. 2025ರಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆ ಗೆದ್ದ ಜೊಹ್ರಾನ್ ಇವರ ಮಗ.

ಬೂತಾಯಿ ಗಸಿ:
ಎಲ್ಲ ಸರಿ ಮಾರಾಯ್ರೆ, ಆದರೆ ಮಂಗಳೂರು ಮಿಸಿಸಿಪ್ಪಿ ಅಲ್ಲ. ಅಲ್ಲಿ ಇಬ್ಬರು ಜೊತೆಗೆ ನಿಂತರೆ ದೂರದಿಂದಲೇ ಗೊತ್ತಾಗುತ್ತದೆ. ಇಲ್ಲಿ ಇಬ್ಬರೂ ತುಳು ಮಾತಾಡುತ್ತಾರೆ, ಒಂದೇ ಸಿಟಿ ಬಸ್ಸಿನಲ್ಲಿ ನೇತಾಡುತ್ತಾರೆ, ಇಬ್ಬರ ಮನೆಯಲ್ಲೂ ಮಧ್ಯಾಹ್ನ ಬೂತಾಯಿ ಮೀನೇ. ಹೆಸರು ಕೇಳುವವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ನಿಮ್ಮ ಕ್ಯಾಮೆರಾ ಹೆಸರು ಕೇಳುವ ಆ ಒಂದು ಕ್ಷಣದ ಮೇಲೆ ಇರಲಿ. ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಕೂಡ ನೋಡಿ. ನಮ್ಮದೇ ಕರಾವಳಿ, ಮೀನುಗಾರರ ಊರು. ಅದು ಪ್ರೇಮಕಥೆ ಅಲ್ಲ, ಆದರೆ ಟಿವಿ ನೋಡಲು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮುಸ್ಲಿಂ ಸೂಲಗಿತ್ತಿ ಗುಲಾಬಿಯಿಂದ ದೂರವಾಗುವುದು ನಿಮ್ಮ ಕಥೆಗೆ ಬೇಕು.

ಪತ್ರ ಬರೆಯುವವ:
ನಾನು ಸಿನಿಮಾದವನಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಪತ್ರ ಬರೆಯುವ ಕೆಲಸ. ನಿಮ್ಮ ಹುಡುಗ ಹುಡುಗಿ ಧರ್ಮ ಬದಲಿಸದೆ ಮದುವೆ ಆಗುವುದಾದರೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆಗಬೇಕು. ಮೊದಲು ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ, 30 ದಿನ ಆಕ್ಷೇಪಣೆಗೆ ಬಿಡುತ್ತಾರೆ. ವಯಸ್ಸು ಕಮ್ಮಿ, ಮೊದಲೇ ಮದುವೆಯಾಗಿದೆ, ಹತ್ತಿರದ ರಕ್ತಸಂಬಂಧ, ಇಂಥ ಕಾರಣಗಳಿಗೆ ಮಾತ್ರ ಆಕ್ಷೇಪಣೆ ನಡೆಯುತ್ತದೆ. ಧರ್ಮ ಬೇರೆ ಅನ್ನುವುದು ಕಾರಣವೇ ಅಲ್ಲ. ಆದರೆ ಯಾರಾದರೂ ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪ್‌ಗೆ ಹಾಕಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ನಿಮಗೆ ವಿಲನ್ ಬೇಕಿದ್ದರೆ ಆ ಬೋರ್ಡು ಸಾಕು. ಹಾಂ, ಮದುವೆ ದಿನಕ್ಕೆ ಮೂರು ಸಾಕ್ಷಿ ಬೇಕು. ಆ ಮೂರನೇ ಸಾಕ್ಷಿ ಸಿಗದೆ ಒದ್ದಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ದಕ್ಕೆ_ಹುಡುಗ:
ಕದ್ರಿ ಗುಡ್ಡೆಯವರ ಪ್ರಶ್ನೆಗೆ ರಾತ್ರಿ ನಿದ್ದೆ ಬರಲಿಲ್ಲ. ಒಕೆಲೊ ಇದ್ದಾರೆ, ಸ್ಕ್ರಿಪ್ಟ್‌ನಲ್ಲಿ ಅಲ್ಲ, ನಮ್ಮ ಮನೆಯಲ್ಲಿ. ನನ್ನ ಅಪ್ಪ ಮತ್ತು ಒಬ್ಬ ಬ್ಯಾರಿ ಸ್ನೇಹಿತ ಪಾಲಿನಲ್ಲಿ ಮೀನಿನ ಟೆಂಪೋ ಇಟ್ಟಿದ್ದರು. 1998ರ ಸುರತ್ಕಲ್ ಕೋಮು ಗಲಭೆ ಆದ ಮೇಲೆ ಲೆಕ್ಕ ಚುಕ್ತಾ ಮಾಡಿಕೊಂಡರು. ಜಗಳ ಏನೂ ಆಗಲಿಲ್ಲವಂತೆ, ಮಾತು ನಿಂತಿತು ಅಷ್ಟೆ. ಇವತ್ತಿಗೂ ಆ ಮನೆ ಹತ್ತಿರ ಬಂದಾಗ ಅಪ್ಪ ಬೈಕ್ ನಿಧಾನ ಮಾಡುತ್ತಾರೆ. ನಿಲ್ಲಿಸುವುದಿಲ್ಲ. ಇದನ್ನೇ ಮೊದಲ ದೃಶ್ಯ ಮಾಡುತ್ತೇನೆ. ಅಪ್ಪನ ಹತ್ತಿರ ಒಮ್ಮೆ ಕೇಳಬೇಕು, ಅದೇ ಜಾಸ್ತಿ ಹೆದರಿಕೆ.

ಬೂತಾಯಿ ಗಸಿ:
ಕೇಳಿ, ಆದರೆ ಬೇಗ ಕೇಳಿ. ಜೂನ್ 1ರಿಂದ ಬೋಟುಗಳು ಕಡಲಿಗೆ ಹೋಗುವುದಿಲ್ಲ, ಎರಡು ತಿಂಗಳು ರಜೆ. ಆಮೇಲೆ ಬೋಟು ನಿಲ್ಲುವ ದಕ್ಕೆಯಲ್ಲಿ ಕ್ಯಾಮೆರಾ ಇಟ್ಟರೆ ನಿಮಗೆ ಸಿಗುವುದು ಮಳೆ ಮತ್ತು ಕಾಗೆ ಮಾತ್ರ.